ನಿಲ್ಲಿಸುವುದನ್ನು ಕಲಿತ ತೌಹೀದ

ಈ ವರ್ಷದವರೆಗೆ ಮದುವೆ ಸೀಸನ್ನಿನಲ್ಲಿ ತೌಹೀದನನ್ನು ಹುಡುಕುವುದು ಸುಲಭವಿತ್ತು. ಬೆಳಿಗ್ಗೆ ಹತ್ತರವರೆಗೆ ಯಾವುದಾದರೊಂದು ಮೆರವಣಿಗೆಯಲ್ಲಿ ಅಪ್ಪನ ಬ್ಯಾಂಡಿನ ಜೊತೆ ಡ್ರಮ್ ಬಾರಿಸುತ್ತಿದ್ದ. ಹನ್ನೊಂದರಿಂದ ಐದರವರೆಗೆ ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ತನ್ನ ವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಮೋಟಾರಿನ ಹೊಟ್ಟೆ ಬಗೆದು ಹೊಸ ತಾಮ್ರದ ತಂತಿ ಸುತ್ತುತ್ತಿದ್ದ. ಸಂಜೆ ಆರಕ್ಕೆ ನಮ್ಮ ಜೊತೆ ಯಾವುದೋ ಊರಿನ ವೇದಿಕೆಯ ಮೇಲೆ ಮತ್ತೆ ಡ್ರಮ್. ಉಳಿದ ಹೊತ್ತಿನಲ್ಲಿ ಕೂತಲ್ಲೇ ನಿದ್ದೆ ಮಾಡುತ್ತಿದ್ದ, ಟೆಂಪೋದಲ್ಲಿ ಸ್ಪೀಕರ್ ಪೆಟ್ಟಿಗೆಗೆ ಒರಗಿ, ಬಾಯಿ ತೆರೆದುಕೊಂಡು. ವಯಸ್ಸು ಮೂವತ್ತೆಂಟು. ಮಲಗಿದಾಗ ಐವತ್ತರವನಂತೆ ಕಾಣುತ್ತಾನೆ.

ನಾನು ಬಸವಲಿಂಗ. ಅದೇ ಓಣಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ, ಸಂಜೆಯ ನಮ್ಮ ಬ್ಯಾಂಡಿನಲ್ಲಿ ಬೇಸ್ ಗಿಟಾರು ನುಡಿಸುತ್ತೇನೆ. ಬೇಸ್ ಗಿಟಾರು ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲದಾಗ ಮಾತ್ರ ಏನೋ ಕಡಿಮೆಯಾಯಿತು ಎನ್ನಿಸುತ್ತದೆ. ನನ್ನ ಸ್ವಭಾವಕ್ಕೂ ಅದೇ ಸರಿ. ಬ್ಯಾಂಡು ಕಟ್ಟಿದವನು ಚೇತನಕುಮಾರ, ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕ, ಗಿಟಾರು ಅವನದು. ಹಾಡುವವಳು ಕಸ್ತೂರಿ. ಸುರಪುರದ ಒಂದು ಖಾಸಗಿ ಶಾಲೆಯಲ್ಲಿ ಹಗಲೆಲ್ಲ ಐವತ್ತು ಮಕ್ಕಳ ಮೇಲೆ ಕೂಗಿ ಕೂಗಿ ಉಳಿದ ದನಿಯನ್ನು ಸಂಜೆ ನಮಗೆ ತರುತ್ತಾಳೆ. ಬ್ಯಾಂಡಿನ ಹೆಸರು 'ಎರಿಮಣ್ಣು', ನಮ್ಮ ಹೊಲಗಳ ಕಪ್ಪು ಮಣ್ಣು. ಆ ಹೆಸರಿಗಾಗಿ ನಾವು ಮೂರು ತಿಂಗಳು ಜಗಳವಾಡಿದ್ದೆವು. ಜನ ಇಂದಿಗೂ "ಆರ್ಕೆಸ್ಟ್ರಾದೋರು ಬಂದಾರ" ಎನ್ನುತ್ತಾರೆ. ನಾವು ನುಡಿಸುವ ರಾಕ್ ಎಂದರೇನು ಎಂದು ವಿವರಿಸುವುದನ್ನು ನಾನು ಬಿಟ್ಟು ಎರಡು ವರ್ಷವಾಯಿತು.

ತೌಹೀದನನ್ನು ತಿಳಿಯಬೇಕಾದರೆ ಅವನ ಅಪ್ಪ ಸುಲ್ತಾನಸಾಬರ ಮದುವೆ ಬ್ಯಾಂಡನ್ನು ತಿಳಿಯಬೇಕು. ಅಲ್ಲಿ ಒಂದೇ ಕಾನೂನು. ಹಾಡು ಎಲ್ಲಿ ಮುಗಿಯಬೇಕೆಂಬುದನ್ನು ಹಾಡು ತೀರ್ಮಾನಿಸುವುದಿಲ್ಲ, ಮಂದಿ ತೀರ್ಮಾನಿಸುತ್ತಾರೆ. ಹಣಮಂತ ದೇವರ ಗುಡಿಯಿಂದ ಹೊರಟ ಮದುಮಗ ಮಂಟಪ ಮುಟ್ಟುವ ತನಕ ಡ್ರಮ್ ನಿಲ್ಲಬಾರದು. ನಡುವೆ ಅವನ ಕಾಕಾ ಕುಣಿಯಲು ಇಳಿದರೆ, ಕಾಕಾನಿಗೆ ದಣಿವಾಗುವವರೆಗೆ ಅಲ್ಲೇ ನಿಂತು ಬಾರಿಸಬೇಕು. ಸಾಕೆನ್ನಿಸಿದಾಗ ಹಿರಿಯರೊಬ್ಬರು ಹೆಗಲ ಮೇಲಿನ ಟವೆಲ್ಲು ಎತ್ತಿ ತೋರಿಸುತ್ತಾರೆ. ಆಗ ನಿಲ್ಲಿಸಬೇಕು, ಅದಕ್ಕಿಂತ ಮುಂಚೆ ನಿಲ್ಲಿಸಿದರೆ ಬೀಗರ ಮರ್ಯಾದೆ ಕಳೆದ ಹಾಗೆ. ಮೀಸೆ ಮೂಡುವ ಮೊದಲೇ ಕೋಲು ಹಿಡಿದ ತೌಹೀದ ಕಲಿತದ್ದು ತಾಳವನ್ನಲ್ಲ, ಮಂದಿಯ ಮುಖ ನೋಡುವುದನ್ನು. ಯಾರ ಮೊಣಕಾಲು ಸೋಲುತ್ತಿದೆ, ಯಾರಿಗೆ ಕುಣಿಯುವ ಆಸೆಯಿದ್ದೂ ನಾಚಿಕೆ, ಯಾರಿಗೆ ಇನ್ನೊಂದು ಸುತ್ತು ಬೇಕು ಎಂಬುದೆಲ್ಲ ಅವನಿಗೆ ಗೊತ್ತಾಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ಶಹಾಪುರದ ಒಂದು ಗಣೇಶನ ಪೆಂಡಾಲಿನಲ್ಲಿ ನಮ್ಮ ಮೊದಲ ಕಾರ್ಯಕ್ರಮ. ಸ್ವಂತದ ಹಾಡು ಎಂದು ನಮ್ಮ ಬಳಿ ಇದ್ದದ್ದು ಒಂದೇ, 'ವಡಗೇರಾ ಬಸ್ಸು'. ಬಾರದ ಬಸ್ಸಿಗೆ ನಿಂತು ಕಾಯುವವರ ಹಾಡು. "ಬರಲಿಲ್ಲ ಬರಲಿಲ್ಲ ವಡಗೇರಾ ಬಸ್ಸು, ನಿಂತಲ್ಲೇ ಮೂಡ್ಯಾವ ಕಾಲಿಗಿ ಬೇರು" ಎಂದು ಶುರುವಾಗುತ್ತದೆ. ಚೇತನ ಅದನ್ನು ನಾಲ್ಕು ನಿಮಿಷಕ್ಕೆ ಅಳೆದು ಕಟ್ಟಿದ್ದ. ನಾಲ್ಕು ನಿಮಿಷವಾಯಿತು, ಅವನು ಗಿಟಾರಿನ ಕತ್ತು ಮೇಲೆತ್ತಿ ಮುಗಿಸುವ ಸನ್ನೆ ಮಾಡಿದ. ತೌಹೀದ ನೋಡಲೇ ಇಲ್ಲ. ಮುಂದೆ ಹತ್ತಾರು ಜನ ಕುಣಿಯುತ್ತಿದ್ದರು, ಅವನ ಕಣ್ಣು ಅವರ ಮೇಲಿತ್ತು. ಎಂಟು ನಿಮಿಷವಾಯಿತು, ಹನ್ನೆರಡಾಯಿತು. ಕಸ್ತೂರಿ ಹಾಡಿದ್ದನ್ನೇ ಹಾಡಿ, ಕೊನೆಗೆ ಶಹಾಪುರದಿಂದ ವಡಗೇರಾದವರೆಗಿನ ಹಳ್ಳಿಗಳ ಹೆಸರನ್ನೆಲ್ಲ ಹಾಡಿನಲ್ಲಿ ಸೇರಿಸಿದಳು. ನನ್ನ ಬೆರಳಿನ ತುದಿ ಸುಲಿಯಿತು. ಹತ್ತೊಂಬತ್ತನೆಯ ನಿಮಿಷಕ್ಕೆ ಮೊದಲ ಸಾಲಿನಲ್ಲಿ ಕೂತಿದ್ದ ಎಣ್ಣೆ ಗಿರಣಿಯ ಮಲ್ಲಣ್ಣನವರು ಬೋಳುತಲೆಯ ಬೆವರು ಒರೆಸಲು ಟವೆಲ್ಲು ಎತ್ತಿದರು. ತೌಹೀದ ಧಡ್ ಎಂದು ನಿಲ್ಲಿಸಿದ.

ಚೇತನನಿಗೆ ಮೈಯೆಲ್ಲ ಉರಿದುಹೋಗಿತ್ತು. ವೇದಿಕೆಯ ಹಿಂದೆ ಬಂದವನೇ, "ಏನ್ರಿ ಇದು? ನಾ ಅಲ್ಲಿ ಗಿಟಾರ ಎತ್ತಿ ಎತ್ತಿ ತೋರ್ಸಾಕತ್ತೀನಿ, ನಿಮಗ ಕಾಣಸ್ಲಿಲ್ಲೇನು?" ಎಂದ.

"ಮಂದಿ ಕುಣ್ಯಾಕತ್ತಿದ್ರಲ್ರಿ ಸರ" ಎಂದ ತೌಹೀದ. "ಕುಣಿಯೋರ ಮುಂದ ಹೆಂಗ ನಿಂದ್ರಸೂದು?"

ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಹಾಡಿಗೆ ತನ್ನದೇ ಒಂದು ಕೊನೆ ಇರುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಆದರೆ ಆ ಪೆಂಡಾಲಿನಲ್ಲಿ ಜನ ಕೂಗಿದ ಕೂಗು ನಮ್ಮ ಕಿವಿಯಲ್ಲೂ ಇತ್ತು. ಚೇತನ ಬೈಯುವುದನ್ನು ಅಲ್ಲಿಗೇ ನಿಲ್ಲಿಸಿದ.

ಹೀಗೆ ನಮಗೆ ಹೆಸರು ಬಂತು. ನಮ್ಮ ಪ್ರತಿಭೆಯಿಂದ ಬಂತು ಎಂದು ಚೇತನ ಸಂದರ್ಶನಗಳಲ್ಲಿ ಹೇಳುತ್ತಾನೆ, ಹೇಳಲಿ. ಕೊಂಕಲ್‌ನಲ್ಲಿ ಶಾಲೆಯ ವಾರ್ಷಿಕೋತ್ಸವ, ರಾಮಸಮುದ್ರದಲ್ಲಿ ಟ್ರ್ಯಾಕ್ಟರ್ ಶೋರೂಮಿನ ಉದ್ಘಾಟನೆ, ಸುರಪುರದಲ್ಲಿ ಕಾಲೇಜಿನ ಸ್ನೇಹ ಸಮ್ಮೇಳನ. ಎಲ್ಲ ಕಡೆ "ಮುಗೀಲಾರದ ಹಾಡಿನೋರು" ಎಂದೇ ಕರೆದರು. ವಡಗೇರಾದಲ್ಲಂತೂ ಬಸ್ ನಿಲ್ದಾಣದ ಎದುರೇ ವೇದಿಕೆ. ನಾವು ಬರಲಿಲ್ಲ ಬರಲಿಲ್ಲ ಎಂದು ಹಾಡುತ್ತಿರುವಾಗಲೇ ನಿಜವಾದ ಬಸ್ಸು ಬಂದು ನಿಂತಿತು. ಇಳಿದವರು ಮನೆಗೆ ಹೋಗಲಿಲ್ಲ, ಹತ್ತಬೇಕಾದವರು ಹತ್ತಲಿಲ್ಲ. ಕಂಡಕ್ಟರು ಸೀಟಿ ಊದಿ ಊದಿ ಸುಸ್ತಾಗಿ ತಾನೂ ಇಳಿದು ಬಂದ.

ಕೇಳಲು ಚೆನ್ನಾಗಿದೆ, ಅಲ್ಲವೇ? ನಾಲ್ಕು ವರ್ಷ ಮಾಡಿ ನೋಡಬೇಕು. ಬಿಸಿಲಿಗೆ ಕಾದ ಟೆಂಪೋದಲ್ಲಿ ಸಾಮಾನಿನ ನಡುವೆ ಮುದುಡಿಕೊಂಡು ಹೋಗುವುದು, ತಲುಪಿದ ಮೇಲೆ ಮುಖ್ಯ ಅತಿಥಿಗಳ ಭಾಷಣ ಮುಗಿಯಲೆಂದು ಎರಡು ತಾಸು ಕಾಯುವುದು, ಆಮೇಲೆ ಹಾಡಿದ್ದನ್ನೇ ಇಪ್ಪತ್ತು ನಿಮಿಷ ಹಾಡುವುದು. ಕಸ್ತೂರಿ ಬಿಸಿನೀರಿನ ಬಾಟಲಿ ಇಲ್ಲದೆ ಮನೆ ಬಿಡುತ್ತಿರಲಿಲ್ಲ. ಒಮ್ಮೆ ಅವಳು ಬ್ಯಾಡಗಿ ಮೆಣಸಿನಕಾಯಿಯಂತೆ ಕೆಂಪಾದ ಗಂಟಲನ್ನು ಬಾಯಿ ತೆರೆದು ತೌಹೀದನಿಗೇ ತೋರಿಸಿ, "ಅಣ್ಣಾ, ಒಂದೀಟು ನನ್ನ ಮಾರಿ ಕಡೀನೂ ನೋಡ್ರಿ, ನಾನೂ ಮಂದ್ಯಾಗ ಬರ್ತೀನಿ" ಎಂದಳು. ಅವನ ಮುಖ ಸಣ್ಣದಾಯಿತು. ಅವನೇನು ಆರಾಮಾಗಿದ್ದನೇ? ಬಲಗೈ ಮಣಿಕಟ್ಟಿಗೆ ವರ್ಷವಿಡೀ ಪಟ್ಟಿ ಸುತ್ತಿರುತ್ತಿತ್ತು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ.

ಈ ವರ್ಷ ಫೆಬ್ರುವರಿಯಲ್ಲಿ ಯಾದಗಿರಿಯಿಂದ ಕರೆ ಬಂತು. ಹೊರಗಿನ ಒಂದು ಸಂಸ್ಥೆ ಅಲ್ಲಿ ಹೊಸ ಬ್ಯಾಂಡುಗಳ ಆಯ್ಕೆ ನಡೆಸಲಿತ್ತು. ಆಯ್ಕೆಯಾದವರಿಗೆ ಎಂಟು ಊರುಗಳಲ್ಲಿ ದೊಡ್ಡ ವೇದಿಕೆ. ಷರತ್ತು ಒಂದೇ, ಹನ್ನೆರಡು ನಿಮಿಷದಲ್ಲಿ ಮೂರು ಹಾಡು. ಹದಿಮೂರನೆಯ ನಿಮಿಷಕ್ಕೆ ಮೈಕು ಬಂದ್, ಹೆಸರೂ ಪಟ್ಟಿಯಿಂದ ಹೊರಗೆ.

ಮರುದಿನ ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಸೇರಿದೆವು. ತೌಹೀದ ಬೆಳಿಗ್ಗೆ ಮದುವೆ ಮುಗಿಸಿ ಬಂದು ಬೆಂಚಿನ ಮೇಲೆ ಕೂತ, ಕೂತವನು ಮಲಗಿಬಿಟ್ಟ. ಚೇತನ ಚೀಲದಿಂದ ಒಂದು ರಿದಂ ಪ್ಯಾಡ್ ತೆಗೆದು ಕೌಂಟರಿನ ಮೇಲಿಟ್ಟ. ಡ್ರಮ್ಮಿನ ಸದ್ದನ್ನೆಲ್ಲ ಅದರಲ್ಲಿ ತುಂಬಿಟ್ಟರೆ ತಾನೇ ಬಾರಿಸುತ್ತದೆ, ಹೇಳಿದ ನಿಮಿಷಕ್ಕೆ ತಾನೇ ನಿಲ್ಲುತ್ತದೆ.

"ಮನುಷ್ಯಾ ಛಲೋನ, ಎಲ್ಲಾ ಖರೇ" ಎಂದ ಚೇತನ ದನಿ ತಗ್ಗಿಸಿ. "ಆದ್ರ ಇದು ಮದುವಿ ಬರಾತ್ ಅಲ್ಲ. ಇಂಥಾ ಛಾನ್ಸ್ ಮತ್ತ ಬರಂಗಿಲ್ಲ. ಪ್ಯಾಡ್ ಬೇಕನ್ನೋರು ಕೈ ಎತ್ರಿ."

ಅವನು ಎತ್ತಿದ. ಕಸ್ತೂರಿ ಸ್ವಲ್ಪ ಹೊತ್ತು ನೆಲ ನೋಡಿ ಎತ್ತಿದಳು. ನಾನೂ ಎತ್ತಿದೆ. ಯಾಕೆ ಎಂದು ಕೇಳಬೇಡಿ, ನನಗೂ ಸಾಕಾಗಿತ್ತು. ತಿಂಗಳಿಗೆ ಒಂದು ಸಲವಾದರೂ ಹಾಡು ಮುಗಿಯುವ ಕಡೆ ಮುಗಿದು, ನಾನು ಸಮಯಕ್ಕೆ ಮನೆ ಸೇರಿ, ಹೆಂಡತಿಯ ಜೊತೆ ಬಿಸಿ ರೊಟ್ಟಿ ತಿನ್ನಬೇಕೆನ್ನಿಸಿತ್ತು.

ಆಗಲೇ ತೌಹೀದನಿಗೆ ಎಚ್ಚರವಾಯಿತು. ಎದ್ದು ಕೂತು, ಮೇಲೆತ್ತಿದ ಮೂರು ಕೈಗಳನ್ನು ನೋಡಿದ. ಆಮೇಲೆ ಕೌಂಟರಿನ ಮೇಲಿನ ಪ್ಯಾಡ್ ನೋಡಿದ. ಮೊದಲು ಕೈ ಇಳಿಸಿದವನು ನಾನು.

"ಸಾಕಂತೀರೇನ್ರಿ?" ಎಂದ.

ಚೇತನ ಷರತ್ತನ್ನು ವಿವರಿಸಿದ. ತೌಹೀದ ಕೇಳಿಸಿಕೊಂಡು, ಪಟ್ಟಿ ಸುತ್ತಿದ ಮಣಿಕಟ್ಟನ್ನು ಎಡಗೈಯಿಂದ ಒತ್ತಿಕೊಳ್ಳುತ್ತ ಹೇಳಿದ, "ಮುಂಜಾನಿ ಬಾರಸೂದು ಅಬ್ಬಾಂದು. ಅಂಗಡಿ ಹೊಟ್ಟಿದು. ನನ್ನದು ಅಂತ ಇದೊಂದೇ ಅದ. ಒಂದು ತಿಂಗಳು ಕೊಡ್ರಿ ಸರ, ನಿಂದ್ರಸೂದು ಕಲೀತೀನಿ. ಆಗ್ಲಿಲ್ಲಂದ್ರ ನಾನೇ ಆ ಡಬ್ಬಿಗಿ ಕನೆಕ್ಷನ್ ಕೊಟ್ಟು ಹೋಗ್ತೀನಿ."

ತಿಂಗಳು ಕೊಟ್ಟೆವು. ಕೊಡದಿರಲು ನಮ್ಮಲ್ಲಿ ಯಾರಿಗೂ ಮುಖವಿರಲಿಲ್ಲ.

ದಾರಿ ತೋರಿಸಿದವನು ನಾನೇ. ಮೋಟಾರಿನ ಕಾಯಿಲ್‌ಗೆ ತಂತಿ ಇಷ್ಟೇ ಸುತ್ತು ಎಂದು ಲೆಕ್ಕವಿರುತ್ತದೆ. ಒಂದು ಹೆಚ್ಚು ಕಡಿಮೆಯಾದರೂ ಮೋಟಾರು ಮತ್ತೆ ಸುಡುತ್ತದೆ. ತೌಹೀದನ ಎಣಿಕೆ ಎಂದೂ ತಪ್ಪಿದ್ದಿಲ್ಲ. "ತಂತಿ ಸುತ್ತಿದಂಗ ಬಾರ್ಸು. ಎಣಿಕಿ ಮುಗೀತಂದ್ರ ತಂತಿ ಕತ್ತರಸ್ತಿ ಹೌದಿಲ್ಲೋ, ಹಂಗ" ಎಂದೆ. ಅವನು ತಲೆಯಾಡಿಸಿದ. ಅಂದಿನಿಂದ ಅಂಗಡಿಯಲ್ಲಿ ಕೆಲಸ ಮಾಡುವಾಗಲೂ ಕಿವಿಯಲ್ಲಿ ಮೊಬೈಲಿನ ಟಿಕ್ ಟಿಕ್ ಸಿಕ್ಕಿಸಿಕೊಂಡ, ಬಾಯಲ್ಲಿ ಎಣಿಕೆ.

ಮಧ್ಯಾಹ್ನದ ಬುತ್ತಿ ತಂದ ಅವನ ಹೆಂಡತಿ ನುಜ್ಹತ ಒಂದು ದಿನ ನನ್ನ ಅಂಗಡಿಯ ಮುಂದೆ ನಿಂತಳು. "ಏನ್ ಹಚ್ಚಿ ಕೊಟ್ಟೀರಿ ಬಸಣ್ಣಾ ಇವರಿಗಿ? ಊಟಕ್ಕ ಕುಂತ್ರೂ ಎಣಸ್ತಾರ. ಮಗಳು ಅಬ್ಬಾ ಅಂದ್ರ ಕೈ ಮಾಡಿ ತಡಿ ಅಂತಾರ. ಎಣಿಕಿ ಮುಗಿಯೂತನ ಮನ್ಯಾಗ ಯಾರೂ ಮಾತಾಡೂ ಹಂಗಿಲ್ಲ."

"ಇನ್ನ ಹದಿನೈದು ದಿನ ತಡ್ಕೋವಾ" ಎಂದೆ.

ಎಣಿಕೆ ಬಂತು, ಆದರೆ ಎದುರಿಗೆ ಒಬ್ಬ ಮನುಷ್ಯ ಕಂಡರೂ ತಪ್ಪುತ್ತಿತ್ತು. ತಾಲೀಮಿನಲ್ಲಿ ಚಹಾ ತಂದವನು ಸುಮ್ಮನೆ ತಲೆದೂಗಿದರೂ ಸಾಕು, ತೌಹೀದ ನಾಲ್ಕು ನಿಮಿಷ ದಾಟಿಬಿಡುತ್ತಿದ್ದ. ಕೊನೆಗೆ ಅವನೇ ಉಪಾಯ ಕಂಡುಕೊಂಡ. ಕಣ್ಣು ಮುಚ್ಚಿ ಬಾರಿಸತೊಡಗಿದ. ಮೂರನೆಯ ವಾರಕ್ಕೆ ನಾಲ್ಕು ನಿಮಿಷ ಎಂದರೆ ನಾಲ್ಕೇ ನಿಮಿಷ. ಚೇತನ ಪ್ಯಾಡನ್ನು ಚೀಲಕ್ಕೆ ಹಾಕಿ ಚೈನು ಎಳೆದ. ಅಂದು ನಾವು ನಾಲ್ವರೂ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ಖುಷಿಪಟ್ಟೆವು.

ಆ ಖುಷಿ ಐದು ದಿನ ಉಳಿಯಿತು. ಸುರಪುರದಲ್ಲಿ ನನ್ನ ಚಿಕ್ಕಮ್ಮನ ಮಗ ಬುದ್ಧಪ್ರಿಯನ ಮದುವೆ, ಸುಲ್ತಾನಸಾಬರದ್ದೇ ಬ್ಯಾಂಡು. ಬಜಾರಿನ ತಿರುವಿನಲ್ಲಿ ಮೆರವಣಿಗೆ ನಿಂತು, ಮದುಮಗನ ಮಾವಂದಿರು ಕುಣಿಯಲು ಇಳಿದರು. ಎಪ್ಪತ್ತರ ದೊಡ್ಡ ಮಾವನೂ ಚಪ್ಪಲಿ ಬದಿಗೆ ಬಿಟ್ಟು ಇಳಿದ. ನಾನು ಎರಡು ಮಾರು ದೂರದಲ್ಲಿದ್ದೆ. ತೌಹೀದನ ತುಟಿ ಅಲ್ಲಾಡುತ್ತಿದ್ದುದು ಕಂಡಿತು. ಕಣ್ಣು ಮುಚ್ಚಿತ್ತು. ಬೇಡ ಎಂದು ಕೂಗುವಷ್ಟರಲ್ಲಿ ಅವನ ನಾಲ್ಕು ನಿಮಿಷ ಮುಗಿದೇಹೋಯಿತು. ಡ್ರಮ್ ನಿಂತಿತು. ತುತ್ತೂರಿಯವರು ಒಂದು ಸಾಲು ಮುಂದೆ ಹೋಗಿ ಗಾಬರಿಯಾಗಿ ನಿಂತರು. ದೊಡ್ಡ ಮಾವ ಕಾಲೆತ್ತಿದವನು ಹಾಗೇ ಸುತ್ತ ನೋಡಿ, ತನ್ನ ಕುಣಿತ ಯಾರಿಗೋ ಬೇಡವಾಯಿತು ಎಂದುಕೊಂಡು, ಚಪ್ಪಲಿ ಹುಡುಕಲು ಬಗ್ಗಿದ.

ಸುಲ್ತಾನಸಾಬರು ಜನರ ಮುಂದೆ ಬೈಯಲಿಲ್ಲ. ಮಗನ ಕೈಯಿಂದ ಕೋಲು ಇಸಿದುಕೊಂಡು, ಅವನ ಕೊರಳಿನಿಂದ ಡ್ರಮ್ಮಿನ ಪಟ್ಟಿ ಬಿಚ್ಚಿ ತಾವೇ ಹಾಕಿಕೊಂಡರು. "ತೇರೆ ಆಂಖಾಂ ಕಾಂ ಥೇ ರೇ?" ಎಂದಷ್ಟೇ ಕೇಳಿದರು. ನಿನ್ನ ಕಣ್ಣು ಎಲ್ಲಿದ್ದವು ಎಂದು. ಆಮೇಲೆ ಅರವತ್ತೈದರ ಆ ಹಿರಿಯರು ಮಂಟಪದವರೆಗೆ ಬಾರಿಸುತ್ತಾ ಹೋದರು. ತೌಹೀದ ಬರಿಗೈಯಲ್ಲಿ ಹಿಂದೆ ಹಿಂದೆ ನಡೆದ. ಮರುದಿನದಿಂದ ಅವನನ್ನು ಮದುವೆಗಳಿಗೆ ಕರೆಯಲಿಲ್ಲ. ತೌಹೀದ ನನ್ನ ಬಳಿ ಬಂದು, "ಮನ್ಯಾಗ ಅಬ್ಬಾ ಹೇಳಿದ್ದು ಖರೇ ಅದ. ಎರಡೂ ಕಡಿ ಆಗಂಗಿಲ್ಲ ಬಸು. ಈಗ ನಿಮ್ಮ ಕಡಿ ಅಷ್ಟೇ ಉಳೀತು" ಎಂದ. ಎಣಿಕೆ ಹಚ್ಚಿಕೊಟ್ಟವನು ನಾನಲ್ಲವೇ?

ಯಾದಗಿರಿಯಲ್ಲಿ ನಮಗೆ ಸಿಕ್ಕಿದ್ದು ಮಧ್ಯಾಹ್ನ ಮೂರೂವರೆಯ ಹೊತ್ತು. ಮಾರ್ಚ್ ಕೊನೆಯ ಬಿಸಿಲು. ಐನೂರು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಕೂತವರು ನಲವತ್ತು ಜನ ಇದ್ದರೆ ಹೆಚ್ಚು, ಅದರಲ್ಲೂ ಮೂವರು ತೀರ್ಪುಗಾರರು. ಗೆದ್ದರೆ ಸಾಕು, ಯಾರಾದರೂ ಕೇಳಲಿ ಬಿಡಲಿ ಎನ್ನುವಷ್ಟು ದಣಿದಿದ್ದೆವು. ಮೊದಲ ಎರಡು ಹಾಡು ಸರಿಯಾಗಿ ಬಂದವು, ಚಪ್ಪಾಳೆ ಬೀಳಲಿಲ್ಲ. ಕಿವಿಯಲ್ಲಿ ಅದೇ ಟಿಕ್ ಟಿಕ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ ತೌಹೀದ ಎರಡು ಹಾಡಿನ ನಡುವೆಯೂ ತೆರೆಯಲಿಲ್ಲ.

ಮೂರನೆಯದು 'ವಡಗೇರಾ ಬಸ್ಸು'. ಒಂದು ನಿಮಿಷ ಆಗಿರಬೇಕು, ಹಿಂದಿನ ಸಾಲುಗಳ ಕುರ್ಚಿಯ ಧೂಳು ಒರೆಸುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿ ಕೇಳತೊಡಗಿದಳು. ಐವತ್ತೈದು ದಾಟಿದವಳು. ಕಾಲಿಗೆ ಬೇರು ಮೂಡಿದ ಸಾಲಿಗೆ ಜೋರಾಗಿ ನಕ್ಕಳು. ಎರಡನೆಯ ಸಲ ಆ ಸಾಲು ಬಂದಾಗ ಬಟ್ಟೆಯನ್ನು ಕುರ್ಚಿಯ ಬೆನ್ನಿಗೆ ಹಾಕಿ, ಸೆರಗನ್ನು ನಡುವಿಗೆ ಸಿಕ್ಕಿಸಿ, ಖಾಲಿ ಕುರ್ಚಿಗಳ ನಡುವಿನ ದಾರಿಯಲ್ಲಿ ಕುಣಿಯಲು ಶುರುಮಾಡಿದಳು. ಅಂಥ ಕುಣಿತ ನಾನು ಯಾವ ಮದುವೆಯಲ್ಲೂ ನೋಡಿಲ್ಲ. ದಣಿದ ಮೈಯೇ, ಆದರೆ ಆ ದಣಿವನ್ನೇ ಭುಜದಿಂದ ಕೊಡವಿ ಕೆಳಗೆ ಹಾಕುವ ಹಾಗೆ ಕುಣಿದಳು. ಜನ ತಿರುಗಿ ನೋಡಿದರು, ಚಪ್ಪಾಳೆ ತಟ್ಟಿದರು. ನೆರಳಿನಲ್ಲಿದ್ದ ಪೊಲೀಸರಿಬ್ಬರು ಎದ್ದು ಬಂದರು. ಕಸ್ತೂರಿಯ ದನಿ ಎಲ್ಲಿತ್ತೋ ಏನೋ, ತುಂಬಿ ಬಂತು. ಬಹಳ ದಿನಗಳ ನಂತರ ನನ್ನ ಬೆರಳಿಗೂ ನೋವು ಮರೆತುಹೋಯಿತು.

ಆಮೇಲೆ ನಾಲ್ಕು ನಿಮಿಷವಾಯಿತು. ತೌಹೀದ ನಿಲ್ಲಿಸಿದ. ಒಂದು ಏಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನ ಜೊತೆಗೇ ನಾವು ಮೂವರೂ ನಿಲ್ಲಿಸಿದೆವು. ಅವನು ಕಣ್ಣು ತೆರೆಯುವ ಮೊದಲೇ ಬೆನ್ನು ತಿರುಗಿಸಿ, ಕಿವಿಯ ಟಿಕ್ ಟಿಕ್ ಸಹಿತ ವೇದಿಕೆಯ ಹಿಂದಕ್ಕೆ ಇಳಿದುಹೋದ.

ಅವಳ ಎರಡೂ ಕೈ ಇನ್ನೂ ಮೇಲಿದ್ದವು. ಸದ್ದಿಲ್ಲದ ಬಯಲಿನಲ್ಲಿ ಅವಳೊಬ್ಬಳೇ. ಯಾರೋ ಕಿಸಕ್ಕನೆ ನಕ್ಕರು. "ಏ ದೇವಕ್ಕ, ಕುಣಿಯಾಕ ಕರ್ಸೀವೇನ್ ನಿನಗ? ಮುಂದಿನ ಸಾಲು ಒರ್ಸು ಹೋಗು" ಎಂದು ಬಿಲ್ಲೆ ಹಾಕಿಕೊಂಡ ಸಂಘಟಕನೊಬ್ಬ ಕೂಗಿದ. ಅವಳು ಕೈ ಇಳಿಸಿದಳು, ಸೆರಗು ಬಿಚ್ಚಿ ತಲೆಯ ಮೇಲೆ ಎಳೆದುಕೊಂಡಳು, ಬಟ್ಟೆ ತೆಗೆದುಕೊಂಡು ವೇದಿಕೆಯ ಕಡೆ ನೋಡದೆ ಹೋದಳು. ಬೇಸ್ ಗಿಟಾರಿನ ಒಂದು ತಂತಿ ನಾನು ಮೀಟುತ್ತಲೇ ಇದ್ದಿದ್ದರೆ ಸಾಕಿತ್ತು. ನಾಚಿಕೆಯಾಯಿತು, ಈಗಲೂ ಆಗುತ್ತದೆ. ಆದರೆ ಆಗ ನನ್ನ ಕಣ್ಣು ತೀರ್ಪುಗಾರರ ಗಡಿಯಾರದ ಮೇಲಿತ್ತು.

ಅರ್ಧ ತಾಸಿನಲ್ಲಿ ಆಯ್ಕೆಯಾದವರ ಹೆಸರು ಓದಿದರು, ನಮ್ಮದೂ ಇತ್ತು. ಸಮಯಪಾಲನೆಯನ್ನು ವಿಶೇಷವಾಗಿ ಹೊಗಳಿದರು. ಚೇತನ ತೌಹೀದನನ್ನು ತಬ್ಬಿ ಎತ್ತಿಯೇಬಿಟ್ಟ. ಕಸ್ತೂರಿ ಅತ್ತಳು, ಯಾತಕ್ಕೆಂದು ನಾನು ಕೇಳಲಿಲ್ಲ.

ಸಾಮಾನು ಕಟ್ಟುವಾಗ ವೇದಿಕೆಯ ಹಿಂದೆ ನಾವಿಬ್ಬರೇ ಇದ್ದೆವು. ತೌಹೀದ ಮಣಿಕಟ್ಟಿನ ಪಟ್ಟಿ ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದ. ಕಣ್ಣು ಕೆಂಪಗಿದ್ದವು. ಗೆದ್ದವನ ಮುಖವಲ್ಲ, ದೂರದ ಊರಿನಿಂದ ನಡೆದು ಬಂದವನ ಮುಖ.

"ಬಸು, ಕಡೀಕಿನ ಹಾಡಿನ್ಯಾಗ ಚಪ್ಪಾಳಿ ಕೇಳ್ತು. ಯಾರರ ಕುಣ್ಯಾಕತ್ತಿದ್ರೇನು?"

ನಾನು ಗಿಟಾರಿನ ವೈರು ಸುತ್ತುತ್ತಿದ್ದೆ. ಸುತ್ತುತ್ತಲೇ ಇದ್ದೆ.

"ಇಲ್ಲಪಾ. ಯಾರಿದ್ರು ಅಲ್ಲಿ? ಬರೇ ಖಾಲಿ ಕುರ್ಚಿ."

ಅವನು ಸಮಾಧಾನದ ಉಸಿರು ಬಿಟ್ಟ.

"ನಾನೂ ಹಂಗ ಅನ್ಕೊಂಡೆ" ಎಂದ. "ಇದ್ದಿದ್ರ ನನಗ ಗೊತ್ತಾಗತಿತ್ತು."